ಆಕೃತಿಯ ಸಾಕ್ಷ್ಯ



ಕ್ಷೇತ್ರಗಣಿತವನ್ನು ಕುರಿತು ಬಾನುಲಿಯಲ್ಲಿ ಮಾತನಾಡಹೊರಟ ನಮಗೆ ಕರಿಹಲಗೆಯಿಲ್ಲ, ಸೀಮೆಸುಣ್ಣವಿಲ್ಲ. ಇಂದಿನ ವಿಷಯಕ್ಕಂತೂ ಈ ಕೊರತೆಯೇ ಅನುಕೂಲ. ಏಕೆಂದರೆ ಆಕೃತಿಯು ಕಣ್ಣಿಗೆ ಹೇಳುವುದೆಲ್ಲ ನಿಜವಲ್ಲವೆಂಬುದೇ ನಮ್ಮ ಪ್ರಸ್ತಾಪ.

ಕಖಗ ಎಂಬುದೊಂದು ತ್ರಿಭುಜ. ಕಖ, ಕಗ ಬಾಹುಗಳು ಸಮ. ಕ ಕೋನ 80 ಡಿಗ್ರಿ. ಖಗ ಪಾದವನ್ನು ಗ ಬಿಂದುವಿನಾಚೆಗೆ ಬೆಳೆಸಿದರೆ ಅಲ್ಲಿ ಉಂಟಾಗುವ ಹೊರಕೋನವೆಷ್ಟು? ಪುಸ್ತಕದ ಚಿತ್ರದಲ್ಲಿ ಕ ಕೋನವು ಲಂಬಕೋನದಂತೆ ಕಾಣುತ್ತಿದ್ದರೆ, ಕಣ್ಣನ್ನು ನಂಬಿದ ವಿದ್ಯಾರ್ಥಿ 135 ಎನ್ನುತ್ತಾನೆ. ಕೊಟ್ಟದ್ದನ್ನು ಮಾತ್ರ ನಂಬಿದವನು 180ರಲ್ಲಿ 80ನ್ನು ಕಳೆದು, ಉಳಿದ 100ನ್ನು ಎರಡು ಪಾದಕೋನಗಳಿಗೆ ಸಮನಾಗಿ ಹಂಚಿ, ಹೊರಕೋನ 130 ಎಂದು ನಿಶ್ಚಯಿಸುತ್ತಾನೆ. ಚಿತ್ರವನ್ನೇ ಕಾಣದ ತಮಗೆ ಮೊದಲನೆಯ ತಪ್ಪಿಗೆ ಅವಕಾಶವೇ ಇರಲಿಲ್ಲ!

ಈ ಎಚ್ಚರಿಕೆ ನಮ್ಮ ದೇಶಕ್ಕೆ ಹೊಸದಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ, ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಚತುರ್ಭುಜದ ನಿಶ್ಚಿತ ಫಲವನ್ನು ಕೇಳುವವನನ್ನು ಪಿಶಾಚವೆಂದು ಜರೆದಿದ್ದಾನೆ; ಉತ್ತರ ಕೊಡುವವನು ಅವನಿಗಿಂತಲೂ ಕಡೆಯಂತೆ. ಹತ್ತು ಹತ್ತು ಅಡಿಯ ನಾಲ್ಕು ಕೋಲುಗಳನ್ನು ತುದಿಗಳಲ್ಲಿ ಸಡಿಲವಾಗಿ ಜೋಡಿಸಿರಿ. ನೆಟ್ಟಗಿದ್ದರೆ ಕ್ಷೇತ್ರಫಲ 100 ಚದರಡಿ; ಒಂದು ಕೋನ 30 ಡಿಗ್ರಿಯಾಗುವಂತೆ ವಾಲಿಸಿದರೆ 50. ಬಾಹುಗಳು ಬದಲಾಗಲಿಲ್ಲ, ಕೋನ ಬದಲಾಯಿತು.

ಇದು ಶಾಲೆಯ ಜಗಲಿಯಲ್ಲೇ ಮುಗಿಯುವ ಮಾತೂ ಅಲ್ಲ. ಕೊಡಗಿನ ಕರಿಕೆಯನ್ನು ನೆನೆಯಿರಿ. ಭಾಗಮಂಡಲದಿಂದ ಪಾಣತ್ತೂರಿನ ಕಡೆಗೆ ಇಳಿಯುವ ಘಟ್ಟದ ದಾರಿಯಲ್ಲಿರುವ ಆ ಊರಿನಲ್ಲಿ ಸಮತಟ್ಟಾದ ನೆಲ ಅಪರೂಪ. ಅಲ್ಲಿ 30 ಡಿಗ್ರಿ ಇಳಿಜಾರಿನ ಒಂದು ತೋಟವಿದೆಯೆಂದು ಭಾವಿಸೋಣ. ಇಳಿಜಾರಿನ ಮೇಲೆಯೇ ಸರಪಳಿ ಹಿಡಿದು ಅಳೆದರೆ ಅದು ನಾಲ್ಕು ಬಾಹುಗಳೂ ಸಮ, ನಾಲ್ಕು ಕೋನಗಳೂ ಲಂಬ ಎಂಬಂತಹ ಚೌಕ; ಅದರ ಒಂದು ಮೂಲೆ ನೇರವಾಗಿ ಮೇಲಕ್ಕೆ, ಎದುರುಮೂಲೆ ನೇರವಾಗಿ ಕೆಳಕ್ಕೆ. ಮೋಜಣಿಯ ನಕ್ಷೆಯಾದರೋ ಸಮತಲದ ಅಳತೆಯನ್ನು ಹಿಡಿಯುತ್ತದೆ. ಅಡ್ಡದ ಉದ್ದ ಹಾಗೆಯೇ ಉಳಿದು ಇಳಿಜಾರಿನ ಉದ್ದ ಮಾತ್ರ ಕುಗ್ಗುವುದರಿಂದ, ಮೇಲಣ ಕೆಳಗಣ ಕೋನಗಳು ಸುಮಾರು 98 ಡಿಗ್ರಿಗೆ ಅಗಲಿಸುತ್ತವೆ. ಪಕ್ಕದವು ಸುಮಾರು 82ಕ್ಕೆ ಕಿರಿದಾಗುತ್ತವೆ. ಇಳಿಜಾರಿನ 100 ಸೆಂಟು ನಕ್ಷೆಯಲ್ಲಿ 86.6 ಸೆಂಟು ಮಾತ್ರ. ಭೂಮಿಯನ್ನು ಯಾರೂ ಕದ್ದಿಲ್ಲ. ಆದರೂ ಒಬ್ಬನು ನೆಲದ ಅಳತೆಯನ್ನೂ ಇನ್ನೊಬ್ಬನು ನಕ್ಷೆಯ ಅಳತೆಯನ್ನೂ ಹಿಡಿದು ಕುಳಿತರೆ, ಈ 13.4 ಸೆಂಟು ಅಣ್ಣತಮ್ಮಂದಿರನ್ನು ನ್ಯಾಯಸ್ಥಾನದ ಮೆಟ್ಟಿಲು ಹತ್ತಿಸೀತು.

ಆದಕಾರಣ ಆಕೃತಿಯನ್ನು ತಿರಸ್ಕರಿಸಿರೆಂದು ನಾವು ಹೇಳುವುದಿಲ್ಲ. ಅದು ದಾರಿ ತೋರುವ ಸಾಕ್ಷಿ, ತೀರ್ಪು ಕೊಡುವ ನ್ಯಾಯಾಧಿಪತಿಯಲ್ಲ. ಪ್ರತಿಯೊಂದು ಕೋನದ ಮುಂದೆಯೂ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಕೊಟ್ಟದ್ದೆ? ಕೊಟ್ಟದ್ದರಿಂದ ಸಾಧಿಸಿದ್ದೆ? ಅಥವಾ ಕಂಡದ್ದು ಮಾತ್ರವೆ? ಮೂರನೆಯದಾದರೆ ಲೆಕ್ಕದೊಳಕ್ಕೆ ಅದಕ್ಕೆ ಪ್ರವೇಶವಿಲ್ಲ. ತಮ್ಮ ಮಕ್ಕಳು ಈ ಮೂರನ್ನು ಬೇರ್ಪಡಿಸಲು ಕಲಿತರೆ, ಪ್ರಮೇಯಗಳನ್ನು ಮುಂದೆ ಮರೆತರೂ ಚಿಂತೆಯಿಲ್ಲ.