ವರದಿಯ ಪ್ರತಿ ಯಾವ ಗಳಿಗೆಯದು? ಲಾಗ್ ರವಾನೆ ಪದ್ಧತಿ ಮತ್ತು ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತೆರಿಗೆ ಬಾಕಿದಾರರ ಪಟ್ಟಿಯನ್ನು ಸಭೆಯಲ್ಲಿ ಓದುವಾಗ, ಅಂದು ಬೆಳಿಗ್ಗೆಯೇ ಹಣ ಕಟ್ಟಿ ರಸೀದಿ ಪಡೆದವರ ಹೆಸರೂ ಅದರಲ್ಲಿ ಬಂದರೆ ಏನಾಗುತ್ತದೆ? ಕಟ್ಟಿದವರಿಗೆ ಅವಮಾನ, ಕರ ವಸೂಲಿಗಾರರ ಮೇಲೆ ಸಂಶಯ. ಆದರೆ ಯಾರೂ ತಪ್ಪು ಮಾಡದಿದ್ದರೂ ಹೀಗಾಗುವುದುಂಟು. ವರದಿಯು ಮೂಲ ದತ್ತಾಂಶದ ಬದಲು ಅದರ ಪ್ರತಿಯಿಂದ ಸಿದ್ಧವಾಗಿದ್ದರೆ, ಆ ಪ್ರತಿ ಮೂಲಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ.

ಪ್ರತಿ ಏಕೆ ಬೇಕು? ರಸೀದಿ ದಾಖಲಿಸುವ ಗಣಕದಲ್ಲೇ ಲಕ್ಷಾಂತರ ಸಾಲುಗಳನ್ನು ಜಾಲಾಡುವ ವರದಿ ತೆಗೆದರೆ, ಕಿಟಕಿಯ ಮುಂದೆ ನಿಂತವರ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ವರದಿಗಳಿಗೆ ಬೇರೊಂದು ಗಣಕದಲ್ಲಿ ಪ್ರತಿ ಇಡುತ್ತಾರೆ. ಅದಕ್ಕೆ ಬಳಸುವ ಹಳೆಯ, ಸರಳ ಕ್ರಮವೊಂದರ ಹೆಸರು ಲಾಗ್ ಶಿಪ್ಪಿಂಗ್, ಅಂದರೆ ಲಾಗ್ ರವಾನೆ.

ನಮ್ಮ ಹಳೆಯ ಲೆಕ್ಕಪದ್ಧತಿಯಲ್ಲಿ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಬಳಿಕ ಖತಾವಣಿಗೆ ಏರಿಸುತ್ತಿದ್ದರು. ದತ್ತಾಂಶ ತಂತ್ರಾಂಶವೂ ಹಾಗೆಯೇ ಪ್ರತಿ ಬದಲಾವಣೆಯನ್ನು ಮೊದಲು ಲಾಗ್ ಎಂಬ ಕಿರ್ದಿಯಲ್ಲಿ ದಾಖಲಿಸುತ್ತದೆ. ಇಡೀ ಖತಾವಣಿಯನ್ನು ಒಮ್ಮೆ ನಕಲು ಮಾಡಿ ಎರಡನೆಯ ಗಣಕದಲ್ಲಿ ಇಟ್ಟರೆ, ಆ ಮೇಲೆ ಕಿರ್ದಿಯ ಹೊಸ ಪುಟಗಳನ್ನು ಮಾತ್ರ ಕಳುಹಿಸಿ, ಕ್ರಮವಾಗಿ ಏರಿಸುತ್ತಾ ಹೋದರೆ ಸಾಕು.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದಕ್ಕೆ ಮೂರು ಹಂತಗಳಿವೆ: ಲಾಗ್‌ನ ಪ್ರತಿ ತೆಗೆಯುವುದು, ಅದನ್ನು ಎರಡನೆಯ ಗಣಕಕ್ಕೆ ಸಾಗಿಸುವುದು, ಅಲ್ಲಿ ಏರಿಸುವುದು. ಬದಲಾಯಿಸದಿದ್ದರೆ ಪ್ರತಿಯೊಂದು ಹಂತವೂ 15 ನಿಮಿಷಕ್ಕೊಮ್ಮೆ ನಡೆಯುತ್ತದೆ. ಮೂರರ ಕಾಯುವಿಕೆಯೂ ಕೂಡಿದರೆ ಮುಕ್ಕಾಲು ಗಂಟೆಯ ವಿಳಂಬ ಸಹಜ. ಪ್ರತಿಯನ್ನು 'ಸ್ಟ್ಯಾಂಡ್‌ಬೈ' ಸ್ಥಿತಿಯಲ್ಲಿಟ್ಟರೆ ಓದಬಹುದು, ತಿದ್ದಲಾಗದು. ಹೊಸ ಪುಟ ಏರಿಸುವಾಗ ಮಾತ್ರ ಓದುವವರು ಹೊರಗಿರಬೇಕು. ಈ ತೊಡಕಿನಿಂದಾಗಿ ಕೆಲವೆಡೆ ರಾತ್ರಿ ಮಾತ್ರ ಏರಿಸುತ್ತಾರೆ. ಅಲ್ಲಿ ಹಗಲಿನ ವರದಿ ನಿನ್ನೆಯದೇ ಆಗಿರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಸರಪಳಿ ಕಡಿಯುವುದು. ಕಿರ್ದಿಯ ಒಂದು ಪುಟ ಕಳೆದುಹೋದರೂ ಮುಂದಿನ ಯಾವ ಪುಟವೂ ಏರುವುದಿಲ್ಲ. ಆ ಪುಟ ಸಿಗದಿದ್ದರೆ ಸಾಮಾನ್ಯವಾಗಿ ಮೂಲದಿಂದ ಹೊಸ ನಕಲು ತರಬೇಕಾಗುತ್ತದೆ. ಆದರೆ ಪ್ರತಿ ತೆರೆದೇ ಇರುವುದರಿಂದ ವರದಿಗಳು ಎಂದಿನಂತೆ ಬರುತ್ತಲೇ ಇರುತ್ತವೆ. ನೋಡಲು ಅಚ್ಚುಕಟ್ಟು, ಅಂಕಿಗಳು ಮಾತ್ರ ಹಳೆಯವು. ಎಚ್ಚರಿಕೆಯ ಸೂಚನೆಯನ್ನು ಗಮನಿಸುವವರಿಲ್ಲದಿದ್ದರೆ ವಾರಗಳು ಕಳೆದರೂ ಅದು ತಿಳಿಯದೆ ಹೋಗಬಹುದು.

ಇನ್ನೊಂದು ತಪ್ಪು ತಿಳಿವಳಿಕೆಯುಂಟು. ಪ್ರತಿ ಇದೆಯೆಂದರೆ ದಾಖಲೆ ಸುರಕ್ಷಿತ ಎಂದು ಭಾವಿಸಬಾರದು. ಮೂಲದಲ್ಲಿ ತಪ್ಪಾಗಿ ಅಳಿಸಿದ ನಮೂದು ಲಾಗ್ ಮೂಲಕ ಪ್ರತಿಯಲ್ಲೂ ಅಳಿಯುತ್ತದೆ. ಉದ್ದೇಶಪೂರ್ವಕವಾಗಿ ಕೆಲವು ಗಂಟೆ ತಡಮಾಡಿ ಏರಿಸುವ ವ್ಯವಸ್ಥೆಯಿದ್ದರೆ ಅಷ್ಟರೊಳಗೆ ಉಳಿಸಿಕೊಳ್ಳಬಹುದು. ಹಾಗಿದ್ದರೂ ಪ್ರತ್ಯೇಕ ಬ್ಯಾಕಪ್ ಇರಲೇಬೇಕು.

ತಂತ್ರಾಂಶ ಯಾವುದೇ ಇರಲಿ, ಸದಸ್ಯರಾದ ತಾವು ಮಾಡಬೇಕಾದುದು ಮೂರು.

1. ಸಭೆಗೆ ಬರುವ ಪ್ರತಿ ವರದಿಯ ಮೇಲೂ 'ಇಂತಹ ದಿನಾಂಕ, ಇಂತಹ ಸಮಯದವರೆಗಿನ ಮಾಹಿತಿ' ಎಂಬ ನಮೂದನ್ನು ಕೇಳಿರಿ. ಮುದ್ರಿಸಿದ ಸಮಯ ಬೇರೆ, ಮಾಹಿತಿಯ ಸಮಯ ಬೇರೆ. ಎರಡನೆಯದನ್ನು ನಡಾವಳಿಯಲ್ಲಿ ಬರೆಸಿರಿ.

2. ನೋಟಿಸ್ ನೀಡುವ ಅಥವಾ ಹಣ ಪಾವತಿಸುವ ತೀರ್ಮಾನಕ್ಕೆ ಮುನ್ನ ಆ ಪ್ರಕರಣವನ್ನು ಮೂಲ ದಾಖಲೆಯಲ್ಲಿ ಪರಿಶೀಲಿಸಲು ಕಾರ್ಯದರ್ಶಿಯವರಿಗೆ ತಿಳಿಸಿರಿ.

3. ಗ್ರಾಮಸ್ಥರು ರಸೀದಿ ತೋರಿಸಿದಾಗ ವರದಿಯನ್ನು ಮುಂದೊಡ್ಡಿ ಅವರನ್ನು ಅಲ್ಲಗಳೆಯಬೇಡಿರಿ, ಅದೇ ಹಣವನ್ನು ಎರಡನೆಯ ಸಲ ಕಟ್ಟಿಸಬೇಡಿರಿ.

ಒಟ್ಟು ವಸೂಲಿ, ಕಳೆದ ವರ್ಷದ ಹೋಲಿಕೆ, ಯೋಜನೆಗಳ ಪ್ರಗತಿ ಇಂತಹ ವಿಷಯಗಳಿಗೆ ಒಂದು ಗಂಟೆ ಹಿಂದಿನ ಪ್ರತಿಯಿಂದ ತೊಂದರೆಯಿಲ್ಲ. ಒಬ್ಬ ವ್ಯಕ್ತಿಯ ಹೆಸರು, ಹಕ್ಕು, ಮಾನ ಅದರಲ್ಲಿ ಸೇರಿದಾಗ ಮಾತ್ರ ಆ ಒಂದು ಗಂಟೆ ದೊಡ್ಡದಾಗುತ್ತದೆ. ಆದುದರಿಂದ ವರದಿ ಕೈಗೆ ಬಂದೊಡನೆ 'ಇದು ಎಷ್ಟು ಹೊತ್ತಿನದು?' ಎಂದು ಕೇಳುವ ರೂಢಿ ತಮ್ಮಲ್ಲಿ ಬೆಳೆಯಲಿ ಎಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.