ಕುಂಡದ ಕಳ್ಳಿಗೆ ಚಳಿಯ ಭಯವೋ, ನೀರಿನ ಭಯವೋ?



ಮಾಗಡಿ ತಾಲ್ಲೂಕಿನ ಕೆಂಪಾಪುರದ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕೆಂಪೇಗೌಡರ ಸಮಾಧಿ 2015ರಲ್ಲಿ ಗುರುತಾದದ್ದು ಆ ಊರಿನಲ್ಲಿಯೇ. ಆದರೆ ನಾನು ಈಗ ಹೇಳಹೊರಟಿರುವುದು ಇತಿಹಾಸವಲ್ಲ. ಅಲ್ಲಿರುವ ನನ್ನ ಸೋದರತ್ತೆಯ ಮನೆಯ ಜಗುಲಿಯ ಮುಂದೆ, ವಿಜ್ಞಾನದ ಪದವೀಧರನಾದ ನಾನು ನನ್ನ ಕೈಯಾರೆ ಸಾಯಿಸಿದ ಏಳು ಕ್ಯಾಕ್ಟಸ್ ಗಿಡಗಳ ಕಥೆ.

ಬೆಂಗಳೂರಿನ ನಮ್ಮ ಮನೆಗೆ ಬಿಸಿಲು ಬರುವುದಿಲ್ಲ. ಹಾಗಾಗಿ ಕುಂಡಗಳನ್ನು ಅತ್ತೆಯ ಮನೆಗೆ ಸಾಗಿಸಿದೆ. ಡಿಸೆಂಬರ್ ಬಂತು. ಮರುಭೂಮಿಯ ಗಿಡ, ಚಳಿ ತಡೆಯಲಾರದು ಎಂದುಕೊಂಡು ರಾತ್ರಿಹೊತ್ತು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಬಾಡದಿರಲೆಂದು ದಿನ ಬಿಟ್ಟು ದಿನ ನೀರನ್ನೂ ಹಾಕಿಸಿದೆ. ಅತ್ತೆ ನಕ್ಕರು: "ಅಲ್ಲಪ್ಪಾ, ಬೇಲಿ ಕಳ್ಳಿಗೆ ಯಾರಾನ ಹೊದಿಕೆ ಹೊದಿಸ್ತಾರಾ?" ಮೂರು ವಾರದಲ್ಲಿ ಏಳೂ ಗಿಡಗಳ ಬುಡ ಮೆತ್ತಗಾಗಿ, ಕಂದಿ, ಕೊಳೆತುಹೋದವು.

ಅತ್ತೆ ಹೇಳಿದ ಬೇಲಿ ಕಳ್ಳಿಯೂ ಕ್ಯಾಕ್ಟಸ್ಸೂ ಒಂದೇ ಕುಟುಂಬದವಲ್ಲ. ನಮ್ಮ ನಾಡಿನ ಕಳ್ಳಿಯನ್ನು ಮುರಿದರೆ ಹಾಲು ಸುರಿಯುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ. ಪಾಪಾಸುಕಳ್ಳಿ ಮುರಿದರೆ ಲೋಳೆ ಮಾತ್ರ. ಪಾಪಾಸುಕಳ್ಳಿ ಅಮೆರಿಕ ಖಂಡಗಳಿಂದ ಬಂದ ನಿಜವಾದ ಕ್ಯಾಕ್ಟಸ್. ಅತ್ತೆ ಗಿಡದ ಹೆಸರಿನಲ್ಲಿ ತಪ್ಪಿದರೂ ತರ್ಕದಲ್ಲಿ ತಪ್ಪಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಪಾಪಾಸುಕಳ್ಳಿಯದೇ ಜಾತಿಗೆ ಸೇರಿದ ಒಪನ್ಷಿಯಾ ಫ್ರಾಜಿಲಿಸ್ ಎಂಬ ಪುಟ್ಟ ಗಿಡ ಕೆನಡಾದಲ್ಲಿ 56 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನವರೆಗೂ ಕಾಡಿನಲ್ಲಿ ಬೆಳೆಯುತ್ತದೆ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಹೇಗೆ? ಚಳಿಗಾಲಕ್ಕೆ ಮುಂಚೆಯೇ ತನ್ನೊಳಗಿನ ನೀರನ್ನು ಕಳೆದುಕೊಂಡು ಸುಕ್ಕುಗಟ್ಟಿ ನೆಲಕ್ಕೆ ಒರಗುತ್ತದೆ. ಜೀವಕೋಶದಲ್ಲಿ ಉಳಿದ ರಸ ಸಕ್ಕರೆಯಿಂದ ಗಟ್ಟಿಯಾಗುತ್ತದೆ. ಗಟ್ಟಿಯಾದ ರಸ ಬೇಗ ಹೆಪ್ಪುಗಟ್ಟದು. ಮಂಜುಗಡ್ಡೆ ಕಟ್ಟಿದರೂ ಅದು ಕೋಶದ ಹೊರಗೆ, ಲೋಳೆಯಲ್ಲಿ ಕಟ್ಟುತ್ತದೆ, ಕೋಶ ಒಡೆಯುವುದಿಲ್ಲ. ಅಮೆರಿಕದ ಮಿನ್ನೆಸೋಟಾದಂಥ ಹಿಮದ ರಾಜ್ಯದಲ್ಲಿ ನಿಮ್ಮ ಬಂಧುಗಳು ಯಾರಾದರೂ ಇದ್ದರೆ ಕೇಳಿ, ಅಲ್ಲಿಯೂ ಕಾಡು ಕ್ಯಾಕ್ಟಸ್ ಇದೆ. ಅದನ್ನು ಹೊರಗೆ ಕುಂಡದಲ್ಲಿ ಬೆಳೆಸುವವರು ಹಿಮಕ್ಕಿಂತ ಚಳಿಗಾಲದ ಹಸಿಮಣ್ಣಿಗೆ ಹೆಚ್ಚು ಹೆದರುತ್ತಾರೆ. ಕುಂಡವನ್ನು ಸೂರಿನ ಕೆಳಗೆ ಒಣಗಿಸಿ ಇಡುತ್ತಾರೆ.

ಅಂದರೆ ನನ್ನ ಗಿಡಗಳನ್ನು ಕೊಂದದ್ದು ಕೆಂಪಾಪುರದ ಚಳಿಯಲ್ಲ, ನಾನು ಹಾಕಿಸಿದ ನೀರು. ಬೇರೆ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದರೆ ಕ್ಯಾಕ್ಟಸ್ ರಾತ್ರಿ ತೆರೆಯುತ್ತದೆ. ಹಾಗಾಗಿ ಅದು ಖರ್ಚು ಮಾಡುವ ನೀರು ಬಹಳ ಕಡಿಮೆ. ಹಾಕಿದ ನೀರು ಕುಂಡದಲ್ಲೇ ನಿಲ್ಲುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದರೆ ಬೇರಿಗೆ ಆಮ್ಲಜನಕವಿಲ್ಲ. ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಮೇಲೆ ನನ್ನ ಪ್ಲಾಸ್ಟಿಕ್ ಹೊದಿಕೆ ಬೇರೆ!

ಇಲ್ಲಿ ನೀವು ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದಿದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಮಟ್ಟವಾಗಿ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರೂ ಅದೇ. ಬದಲಾದದ್ದು ಎತ್ತರ. ತೂತಿದ್ದರೂ ಕುಂಡದ ತಳದಲ್ಲಿ ಇಷ್ಟು ಎತ್ತರದ ಮಣ್ಣು ಯಾವಾಗಲೂ ನೆನೆದೇ ಉಳಿಯುತ್ತದೆ. ಆ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ, ಕುಂಡವಲ್ಲ. ಆದ್ದರಿಂದ ತಟ್ಟೆಯಂಥ ಕುಂಡದಲ್ಲಿ ಬೇರು ಪೂರ್ತಿ ನೀರಿನಲ್ಲಿರುತ್ತದೆ, ಎತ್ತರದ ಕುಂಡದಲ್ಲಿ ಕೊಂಚ ಮಾತ್ರ. ತಳದಲ್ಲಿ ಕಲ್ಲು ಹಾಸಿದರೆ ನೀರು ಬಸಿಯುತ್ತದೆಂದು ನಾವೆಲ್ಲ ನಂಬಿದ್ದೇವೆ. ಹಾಗಾಗುವುದಿಲ್ಲ. ನೆನೆದ ಪದರ ಆ ಕಲ್ಲಿನ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ, ಅಷ್ಟೇ.

ಎರಡನೆಯ ಸಲ ನಾನು ಸುಡದ ಬಣ್ಣದ ಕುಂಡಗಳ ಮೋಹ ಬಿಟ್ಟು ಸಾದಾ ಮಣ್ಣಿನ ಕುಂಡಗಳನ್ನು ಕೊಂಡೆ. ಅವುಗಳ ಗೋಡೆಯಿಂದಲೂ ತೇವ ಆರುತ್ತದೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಎಲೆಗೊಬ್ಬರ, ಎರಡು ಪಾಲು ಜಲ್ಲಿ ಮತ್ತು ಇಟ್ಟಿಗೆ ಚೂರು. ಚೂರಿನ ಗಾತ್ರ? ಮಾಗಡಿ ಸೀಮೆಯ ಭಾಷೆಯಲ್ಲೇ ಹೇಳುವುದಾದರೆ, ರಾಗಿಗಿಂತ ದೊಡ್ಡದು, ಅವರೆಕಾಳಿಗಿಂತ ಚಿಕ್ಕದು. ಪುಡಿಯನ್ನು ಜರಡಿ ಹಿಡಿದು ತೆಗೆಯಲೇಬೇಕು. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಆಗ ಕುಂಡಗಳು ಸೂರಿನ ಕೆಳಗೆ, ನಾಲ್ಕು ಕಡೆ ಗಾಳಿಯಾಡುವಂತೆ. ಡಿಸೆಂಬರ್, ಜನವರಿಯಲ್ಲಿ ತಿಂಗಳಿಗೊಮ್ಮೆ ನೀರು, ಅದೂ ಬೆಳಿಗ್ಗೆ.

ಇನ್ನೊಂದು ಮಾತು. ಮುರಿದ ಒಪನ್ಷಿಯಾ ತುಂಡುಗಳನ್ನು ಬೇಲಿಯಾಚೆ ಎಸೆಯಬೇಡಿ. ಬಿದ್ದಲ್ಲೇ ಬೇರು ಬಿಡುತ್ತದೆ. ಹಾಗೆ ಹಬ್ಬಿದ ಪಾಪಾಸುಕಳ್ಳಿಯನ್ನು ಹತೋಟಿಗೆ ತರಲು 1926ರಲ್ಲಿ ಕಾಚಿನೀಲ್ ಜಾತಿಯ ಕೀಟವನ್ನು ನಮ್ಮ ದೇಶಕ್ಕೆ ತರಿಸಬೇಕಾಯಿತು. ಅದಕ್ಕೂ ಮುಂಚೆ, 1795ರಲ್ಲಿ, ಕೆಂಪು ಬಣ್ಣದ ಆಸೆಗೆ ಬ್ರೆಜಿಲ್‌ನಿಂದ ಇಂಥದೇ ಕೀಟ ಬಂದಿತ್ತು. ಬಂದದ್ದು ಬೇರೆ ಪ್ರಭೇದ. ಬಣ್ಣ ಸಿಗಲಿಲ್ಲ, ಕಳ್ಳಿಯನ್ನು ಮಾತ್ರ ತಿಂದು ಹಾಕಿತು.

ಹೋದ ಫೆಬ್ರವರಿಯಲ್ಲಿ ಕೆಂಪಾಪುರಕ್ಕೆ ಹೋದಾಗ ಗಿಡಗಳು ಮುದುಕರ ಕೈಯಂತೆ ಸುಕ್ಕುಗಟ್ಟಿದ್ದವು. ಅತ್ತೆ ಮರುಕದಿಂದ ಚೊಂಬು ಎತ್ತಿಕೊಂಡರು. "ಬೇಡತ್ತೆ, ಇರಲಿ" ಎಂದೆ, ಒಳಗೊಳಗೇ ಅಳುಕುತ್ತ. ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ಎರಡು ಹದ ಬಿತ್ತು. ಮರುವಾರ ಅತ್ತೆಯ ಫೋನು ಬಂತು: ಸುಕ್ಕೆಲ್ಲ ಹೋಗಿ ಗಿಡ ದುಂಡಗಾಗಿದೆ, ಒಂದರ ನೆತ್ತಿಯಲ್ಲಿ ಮೊಗ್ಗಿನಂಥದ್ದೇನೋ ಕಾಣಿಸಿದೆ, ಬಂದು ನೋಡು ಎಂದು.