ನಡುರಾತ್ರಿಯ ಎಚ್ಚರ

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರವೆಂಬ ಒಂದು ಉಪಪರ್ವವುಂಟು. ನಿದ್ರೆ ಬಾರದೆ ತಳಮಳಿಸುತ್ತಿದ್ದ ಧೃತರಾಷ್ಟ್ರನು ವಿದುರನನ್ನು ಕರೆಸುತ್ತಾನೆ. ಯಾರಿಗೆ ನಿದ್ರೆ ಹತ್ತದೆಂಬುದನ್ನು ವಿದುರನು ಎಣಿಸಿ ಹೇಳುತ್ತಾನೆ: ಬಲಿಷ್ಠನ ಕೈಗೆ ಸಿಕ್ಕ ದುರ್ಬಲ, ಸೊತ್ತು ಕಳೆದುಕೊಂಡವ, ಕಾಮಿ, ಕಳ್ಳ. ಹಲವು ವರ್ಷ ಈ ಕಥೆಯನ್ನು ಹುಡುಗರಿಗೆ ಹೇಳಿದ ನಾನು, ರೋಗಿಯ ಹೆಸರು ಇದರಲ್ಲಿ ಏಕಿಲ್ಲವೆಂದು ಯೋಚಿಸಿದವನಲ್ಲ. ಹೆಂಡತಿ ತೀರಿಕೊಂಡ ಮೇಲೆ ನಮ್ಮಲ್ಲೇ ಇರುವ ಅಣ್ಣನವರಿಗೆ ಪಾರ್ಕಿನ್ಸನ್ ಕಾಯಿಲೆ ಬಂದಾಗ ಯೋಚಿಸಬೇಕಾಯಿತು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗವನ್ನು ಕುರಿತು ಒಂದು ಪ್ರಬಂಧ ಬರೆದರು. ಅವರು ವರ್ಣಿಸಿದ ರೋಗಿಗಳು ಆರೇ ಮಂದಿ. ಆದರೂ ರೋಗ ಬಲಿತಂತೆ ನಿದ್ರೆ ಕೆಡುವುದೆಂಬುದು ಅವರ ಕಣ್ಣಿಗೆ ಬಿದ್ದಿತ್ತು. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ನಶಿಸುವುದರಿಂದ ಮೈ ಬಿಗಿಯುತ್ತದೆ, ಕೈ ನಡುಗುತ್ತದೆ. ನಿದ್ರೆ ಹತ್ತಿದಾಗ ಸಾಮಾನ್ಯವಾಗಿ ನಡುಕ ನಿಲ್ಲುತ್ತದೆ. ಸದ್ಯ, ರಾತ್ರಿಯಾದರೂ ರೋಗಕ್ಕೆ ವಿರಾಮವಿದೆಯಲ್ಲಾ ಎಂದು ಮನೆಯವರು ನಂಬುತ್ತಾರೆ. ನಾವೂ ನಂಬಿದ್ದೆವು.

ಅಣ್ಣನವರು ಒಂಬತ್ತೂವರೆಗೆ ಮಲಗಿದರೆ ಹತ್ತಕ್ಕೆಲ್ಲ ಗೊರಕೆ. ಎರಡು ಗಂಟೆಗೆ, "ತಮ್ಮಾ, ಸ್ವಲ್ಪ ಹೊರಳಿಸಪ್ಪಾ" ಎಂಬ ಕೂಗು. ಮೂರಕ್ಕೆ ಮೂತ್ರಕ್ಕೆ. ಆಮೇಲೆ ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡು ಮಲಗಿರುವುದು. ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಕೆ. ಉತ್ತರಪತ್ರಿಕೆ ತಿದ್ದಿ ದಣಿದಿದ್ದ ಒಂದು ರಾತ್ರಿ ನಾನು, "ಹಗಲೆಲ್ಲ ನಿದ್ದೆ ಮಾಡಿದರೆ ರಾತ್ರಿ ಎಲ್ಲಿಂದ ಬರಬೇಕು?" ಎಂದು ಗದರಿಬಿಟ್ಟೆ. ಮಾರನೆಯ ರಾತ್ರಿ ಅವರು ಕರೆಯಲಿಲ್ಲ. ಬೆಳಗ್ಗೆ ನೋಡಿದರೆ ಹಾಸಿಗೆ ಒದ್ದೆ. ಮಲಗಿಸಿದ ಮಗ್ಗುಲಲ್ಲೇ ಎಚ್ಚರವಾಗಿದ್ದರು. ನಮ್ಮ ಮನೆಯವಳು ಏನೂ ಅನ್ನದೆ ಹಾಸುಬಟ್ಟೆಯನ್ನು ಒಗೆಯಲು ಒಯ್ದಳು.

ವೈದ್ಯರಿಗೆ ಈ ಸಂಗತಿ ಹೇಳಿಯೇ ಇರಲಿಲ್ಲ. ಅವರು ಕಾಣುವುದು ಹಗಲಿನ ರೋಗಿಯನ್ನು ಮಾತ್ರ. ಹೇಳಿದಾಗ, ಎಂಟು ರಾತ್ರಿಯ ಲೆಕ್ಕ ಬರೆದು ತನ್ನಿ ಎಂದರು: ಮಾತ್ರೆ ಎಷ್ಟು ಗಂಟೆಗೆ, ಎಚ್ಚರ ಎಷ್ಟು ಗಂಟೆಗೆ, ಎದ್ದದ್ದು ಏತಕ್ಕೆ. ಮೇಷ್ಟರ ಮನೆಯಲ್ಲಿ ನೋಟ್‌ಬುಕ್ಕಿಗೆ ಬರವೆ! ಆ ಲೆಕ್ಕ ನೋಡಿದ ಮೇಲೆ, ನಿದ್ರೆ ಕೆಡಿಸುವ ಶತ್ರು ಒಬ್ಬನಲ್ಲವೆಂದು ತಿಳಿಯಿತು. ರಾತ್ರಿ ಎಂಟರ ಲೆವೊಡೋಪ ಮಾತ್ರೆಯ ಬಲ ನಡುರಾತ್ರಿಗೆ ಇಳಿದು, ಮೈ ಸೆಟೆದು, ಮಗ್ಗುಲಾಗಲು ಬಾರದೆ ಎಚ್ಚರ. ಮೂತ್ರದ ಅವಸರ ಬೇರೆ. ಸೆಲಿಜಿಲಿನ್ ಎಂಬ ಇನ್ನೊಂದು ಮಾತ್ರೆ ತಾನೇ ನಿದ್ರೆಗೆ ವೈರಿ. ಅದನ್ನು ಮಧ್ಯಾಹ್ನದೊಳಗೆ ಕೊಡಬೇಕಾಗಿದ್ದರೂ, ನಾನು ಶಾಲೆಯಿಂದ ಬರುವುದು ತಡವೆಂದು ಸಂಜೆಗೆ ಸರಿಸಿದ್ದೆ! ಕೆಲವರಿಗೆ ಕಾಲಿನ ಚಡಪಡಿಕೆ, ಕೆಲವರಿಗೆ ಮನಸ್ಸಿನ ಕುಗ್ಗು. ಇನ್ನು ಕೆಲವರು ಕನಸಿನ ಹೊಡೆದಾಟವನ್ನು ಹಾಸಿಗೆಯಲ್ಲೇ ನಡೆಸುತ್ತಾರೆ. ಇದು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ತೋರುವುದುಂಟು.

ವೈದ್ಯರು ಸೆಲಿಜಿಲಿನ್ ಮಾತ್ರೆಯನ್ನು ಮತ್ತೆ ಹಗಲಿಗೆ ತಂದು, ಮಲಗುವ ವೇಳೆಗೆ ನಿಧಾನವಾಗಿ ಕರಗುವ ಲೆವೊಡೋಪ ಕೊಟ್ಟರು. ನಾನು ನಿದ್ರೆ ಮಾತ್ರೆ ಕೇಳಿದೆ. ತೂರಾಡಿ ಬಿದ್ದಾರು, ಬುದ್ಧಿಗೆ ಮಂಕು ಕವಿದೀತು ಎಂದು ಅವರು ಒಪ್ಪಲಿಲ್ಲ. ಇರುವ ಮಾತ್ರೆಯನ್ನು ನಾವಾಗಿ ಥಟ್ಟನೆ ನಿಲ್ಲಿಸುವುದೂ ಅಪಾಯವಂತೆ.

ಉಳಿದದ್ದು ಮನೆಯವರ ಕೆಲಸ. ಬೆಳಗಿನ ಬಿಸಿಲಲ್ಲಿ ನಡಿಗೆ, ಮಧ್ಯಾಹ್ನದ ನಿದ್ರೆಗೆ ಅರ್ಧ ಗಂಟೆಯ ಮಿತಿ, ಕೈಗೆಟಕುವಲ್ಲಿ ಮೂತ್ರದ ಪಾತ್ರೆ. ಸಂಜೆಯ ಕಾಫಿ ನಿಲ್ಲಿಸಿದ್ದಕ್ಕೆ ಮಾತ್ರ ಅಣ್ಣನವರು ನನ್ನೊಡನೆ ಮೂರು ದಿನ ಮಾತು ಬಿಟ್ಟಿದ್ದರು. ಮನೆಯವಳು ತನ್ನ ಹಳೆಯ ರೇಷ್ಮೆ ಸೀರೆಯೊಂದನ್ನು ಮಡಿಸಿ, ಅವರ ಸೊಂಟ ಬರುವ ಕಡೆ ಬಿಗಿಯಾಗಿ ಹಾಸಿದಳು. ನೂಲಿನ ಬಟ್ಟೆ ಮೈಯನ್ನು ಹಿಡಿಯುತ್ತದೆ, ರೇಷ್ಮೆ ಜಾರಗೊಡುತ್ತದೆ. ಕಾಲಿನ ಕಡೆ ಮಾತ್ರ ನೂಲಿನದೇ ಇರಬೇಕು, ಇಳಿಯುವಾಗ ಜಾರಬಾರದಷ್ಟೆ. ಆ ರಾತ್ರಿ ಅಣ್ಣನವರು ತಾವಾಗಿಯೇ ಮಗ್ಗುಲಾದರು.

ಈಗಲೂ ವಾರದಲ್ಲಿ ಎರಡು ಮೂರು ರಾತ್ರಿ ಕರೆಯುತ್ತಾರೆ. ಎದ್ದು ಹೋಗಿ ಹೊರಳಿಸುತ್ತೇನೆ, ನೋಟ್‌ಬುಕ್ಕಿನಲ್ಲಿ ಗಂಟೆ ಬರೆದಿಡುತ್ತೇನೆ.